ಖಾರ ಒಂದು ರುಚಿಯೇ? ಮೆಣಸಿನಕಾಯಿ ತಿಂದರೆ ಬಾಯಿ ಉರಿಯುವುದೇಕೆ?

ಷಡ್ರಸಗಳಲ್ಲಿ ಖಾರವನ್ನೂ ಸೇರಿಸಿ ಎಣಿಸುವುದು ನಮ್ಮ ರೂಢಿ. ಶರೀರಶಾಸ್ತ್ರದ ಲೆಕ್ಕದಲ್ಲಿ ಮಾತ್ರ ಅದು ರುಚಿಯಲ್ಲ, ನೋವು. ಹಸಿಮೆಣಸಿನಕಾಯಿ ಹೆಚ್ಚಿದ ಕೈಯಲ್ಲಿ ಕಣ್ಣುಜ್ಜಿಕೊಂಡು ನೋಡಿ (ಬೇಡ, ಹಾಗೇ ನಂಬಿಬಿಡಿ!): ಕಣ್ಣಿನಲ್ಲಿ ರುಚಿಮೊಗ್ಗುಗಳಿಲ್ಲ, ಆದರೂ ಧಗಧಗ ಉರಿಯುತ್ತದೆ.

ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಎಂಬ ರಾಸಾಯನಿಕ, ನೋವು ತಿಳಿಸುವ ನರತುದಿಗಳಲ್ಲಿರುವ ಟಿಆರ್‌ಪಿವಿ1 ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿ ತಗುಲಿದಾಗ ತೆರೆದುಕೊಳ್ಳುವ ಬಾಗಿಲು ಅದು. ಕ್ಯಾಪ್ಸೈಸಿನ್ ಅದನ್ನು ಬಿಸಿಯಿಲ್ಲದೆಯೇ ತೆರೆಸಿಬಿಡುತ್ತದೆ. ಬಾಯಿ ಸುಡುತ್ತಿದೆ ಎಂದುಕೊಂಡ ಮಿದುಳು ಬೆವರು ಕಿತ್ತುಬರುವಂತೆ ಮಾಡುತ್ತದೆ. ಕುದಿಯುವ ಸಾರಿನಲ್ಲಿ ಖಾರ ಇನ್ನಷ್ಟು ಚುರುಗುಟ್ಟುವುದೂ ಇದಕ್ಕೇ. ಈ ಪ್ರೋಟೀನನ್ನು ಪತ್ತೆಹಚ್ಚಿದ ವಿಜ್ಞಾನಿ ಡೇವಿಡ್ ಜೂಲಿಯಸ್‌ಗೆ 2021ರ ವೈದ್ಯಕೀಯ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ನೀರು ಕುಡಿದರೆ ಹೆಚ್ಚು ಪ್ರಯೋಜನವಿಲ್ಲ, ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ. ಹಾಲೋ ಮೊಸರೋ ಬಾಯಿಗೆ ಹಾಕಿಕೊಳ್ಳಿ. ಅದರ ಕೇಸಿನ್ ಪ್ರೋಟೀನು ಕ್ಯಾಪ್ಸೈಸಿನ್ನನ್ನು ಹಿಡಿದುಕೊಂಡು ಹೋಗುತ್ತದೆ.