ಎರಡು ಸಲ ಬೋರ್ಡೋ ಹೊಡೆಸಿದರೂ ಅಡಿಕೆಗೆ ಕೊಳೆ ಬರುವುದೇಕೆ?

ಸಿದ್ದಾಪುರದ ಹತ್ತಿರ ಎರಡು ಎಕರೆ ಅಡಿಕೆ ತೋಟ ನೋಡಿಕೊಳ್ಳುತ್ತಿದ್ದೀರಿ, ಕಳೆದ ಮಳೆಗಾಲದಲ್ಲಿ ಎರಡು ಸಲ ಬೋರ್ಡೋ (ಮೈಲುತುತ್ತ, ಸುಣ್ಣ ಸೇರಿಸಿದ ಔಷಧಿ) ಹೊಡೆಸಿಯೂ ಕಾಯಿ ಕೊಳೆತು ಉದುರುವ ಕೊಳೆರೋಗ ಬಂತು, ಈ ಸಲ ಮೈಲುತುತ್ತ (ತಾಮ್ರದ ಸಲ್ಫೇಟ್) ಜಾಸ್ತಿ ಹಾಕಬೇಕೇ ಎಂದು ಕೇಳಿದ್ದೀರಿ. ಬೇಡ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಸಾಕು. ಘಟ್ಟದ ಮೇಲಿನ ತೋಟಗಳಲ್ಲಿ ನಾನು ಕಂಡಂತೆ ಔಷಧಿ ಕೈಕೊಡುವುದು ಸುಣ್ಣದಲ್ಲಿ, ಇಲ್ಲವೇ ಹೊಡೆಯುವ ಹೊತ್ತಿನಲ್ಲಿ.

ಮೊದಲು ಸುಣ್ಣ. ಹೊಸದಾಗಿ ಸುಟ್ಟ ಗಟ್ಟಿ ಸುಣ್ಣವೇ ಬೇಕು. ನೀರು ಹಾಕಿದ ಕೂಡಲೇ ಅದು ಬಿಸಿಯೆದ್ದು ಅರಳಬೇಕು. ಚೀಲ ಬಿಚ್ಚಿಟ್ಟು ಗಾಳಿಗೆ ಪುಡಿಯಾದ ಸುಣ್ಣ ನೋಡಲು ಬೆಳ್ಳಗೇ ಇರುತ್ತದೆ, ಆದರೆ ಅದರ ಕಸುವು ಹೋಗಿರುತ್ತದೆ. ಅಂಥದ್ದನ್ನು ಕೆಜಿ ಲೆಕ್ಕದಲ್ಲಿ ತೂಗಿ ಹಾಕಿದರೂ ಮಿಶ್ರಣ ಹುಳಿಯಾಗಿಯೇ ಉಳಿದು ಎಳೆಕಾಯಿ ಸುಡುತ್ತದೆ.

ಮೈಲುತುತ್ತವನ್ನು ಹಿಂದಿನ ಸಂಜೆಯೇ ಬಟ್ಟೆಯಲ್ಲಿ ಕಟ್ಟಿ, ಪ್ಲಾಸ್ಟಿಕ್ ಡ್ರಮ್ಮಿನ ನೀರಿನಲ್ಲಿ ಮೇಲ್ಭಾಗಕ್ಕೇ ಮುಳುಗುವಂತೆ ತೂಗುಬಿಡಿ. ಕರಗಿದ್ದು ಭಾರವಾಗಿ ತಳಕ್ಕೆ ಇಳಿಯುತ್ತದೆ, ಬೆಳಗಿನ ಹೊತ್ತಿಗೆ ಪೂರ್ತಿ ಕರಗಿರುತ್ತದೆ. ಕಬ್ಬಿಣದ ಪಾತ್ರೆ ಬೇಡ, ತಾಮ್ರವೆಲ್ಲ ಅದಕ್ಕೇ ಹಿಡಿದುಕೊಳ್ಳುತ್ತದೆ. ಸುಣ್ಣವನ್ನು ಬೇರೆ ಡ್ರಮ್ಮಿನಲ್ಲಿ ಅರಳಿಸಿ, ಪೂರ್ತಿ ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ ನೀರು ಸೇರಿಸಿ. ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಹೊಯ್ಯಬೇಕು, ಇನ್ನೊಬ್ಬರು ಕೋಲಿನಿಂದ ಕದಡುತ್ತಲೇ ಇರಬೇಕು. ಉಲ್ಟಾ ಮಾಡಿದರೆ ಅಥವಾ ಸುಣ್ಣ ಬಿಸಿಯಿದ್ದಾಗಲೇ ಸೇರಿಸಿದರೆ ಕಣ ದಪ್ಪವಾಗಿ ನಾಜಲ್ ಕಟ್ಟುತ್ತದೆ, ಕಾಯಿಗೂ ಅಂಟುವುದಿಲ್ಲ. ಸರಿಯಾದ ಮಿಶ್ರಣ ತಿಳಿನೀಲಿ ಬಣ್ಣದ್ದು, ಬೇಗ ತಳ ಕೂರುವುದಿಲ್ಲ.

ಹೊಡೆಯುವ ಮೊದಲು ಕತ್ತಿಯ ಪರೀಕ್ಷೆ ಬಿಡಬೇಡಿ. ಉಜ್ಜಿ ಹೊಳಪು ಬರಿಸಿದ ಕಬ್ಬಿಣದ ಕತ್ತಿಯ ತುದಿಯನ್ನು ಒಂದೆರಡು ನಿಮಿಷ ಅದ್ದಿ ತೆಗೆಯಿರಿ. ಸ್ಟೀಲ್ ಚಾಕುವಿನಲ್ಲಿ ಇದು ಸರಿಯಾಗಿ ತಿಳಿಯುವುದಿಲ್ಲ. ತುದಿಗೆ ಕೆಂಪು ಲೇಪ ಕಂಡರೆ ಇನ್ನೂ ಸುಣ್ಣದ ನೀರು ಬೇಕು ಎಂದರ್ಥ. ಲೇಪ ಕಾಣದಾಗುವವರೆಗೆ ಸ್ವಲ್ಪ ಸ್ವಲ್ಪವೇ ಸೇರಿಸಿ, ಸುಮ್ಮನೆ ಸುರಿಯಬೇಡಿ. ಮಾಡಿದ ಮಿಶ್ರಣ ಆ ದಿನವೇ ಮುಗಿಯಬೇಕು. ರಾತ್ರಿ ಇಟ್ಟರೆ ಕಣಗಳು ಕೂಡಿಕೊಂಡು ಅಂಟು ಹೋಗುತ್ತದೆ.

ಇನ್ನು ಹೊತ್ತು. ಕೊಳೆ ತರುವ ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿಯ ಬೀಜಕಣ ನೀರಿನ ಪದರದಲ್ಲಿ ಈಜಿಕೊಂಡು ಕಾಯಿಗೆ ಹತ್ತುತ್ತದೆ. ಜಡಿಮಳೆ, ನಡುವೆ ಸ್ವಲ್ಪ ಬಿಸಿಲು, ಮತ್ತೆ ಮಳೆ, ತಂಪು ಹವೆ ಇದ್ದರೆ ಅದಕ್ಕೆ ಹಬ್ಬ. ಬೋರ್ಡೋ ಎಂಬುದು ರೋಗ ಹತ್ತುವ ಮೊದಲು ಕಾಯಿಯ ಮೇಲೆ ಇರಬೇಕಾದ ಕವಚವೇ ಹೊರತು ಹತ್ತಿದ ಮೇಲಿನ ಮದ್ದಲ್ಲ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗದ ಬಗ್ಗೆ ಬರೆದ ಕಾಲದಿಂದ ಇಂದಿನವರೆಗೂ ಈ ಮಾತು ಬದಲಾಗಿಲ್ಲ. ಆದ್ದರಿಂದ ಮೊದಲ ಔಷಧಿ ರೋಹಿಣಿ ಮಳೆಯೊಳಗೆ (ಮೇ ಕೊನೆ, ಜೂನ್ ಮೊದಲ ವಾರ), ಮೃಗಶಿರ ಜೋರಾಗುವ ಮೊದಲೇ ಮುಗಿಯಲಿ. ಎರಡನೆಯದು 40–45 ದಿನಕ್ಕೆ, ಅಂದರೆ ಸರಿಯಾಗಿ ಪುನರ್ವಸು, ಪುಷ್ಯದ ದೊಡ್ಡ ಮಳೆಯಲ್ಲಿ ಬರುತ್ತದೆ. ಹೆಚ್ಚಿನವರ ಲೆಕ್ಕ ತಪ್ಪುವುದು ಇಲ್ಲಿಯೇ. ಕೊನೆಗಾರರು (ಮರ ಹತ್ತಿ ಕೆಲಸ ಮಾಡುವವರು) ಸಿಕ್ಕ ದಿನ ಒದ್ದೆ ಕೊನೆಗೇ (ಅಡಿಕೆ ಗೊಂಚಲಿಗೇ) ಹೊಡೆಸಿ, ಅರ್ಧ ಗಂಟೆಯಲ್ಲಿ ಮಳೆ ಬಂದರೆ ಔಷಧಿ ಬುಡಕ್ಕೆ ಇಳಿದಂತೆಯೇ. ಮಳೆ ಹೊಳವಾಗುವುದನ್ನು ಕಾದು, ಕೊನೆಯ ನೀರು ಆರಿದ ಮೇಲೆ ಹೊಡೆಸಿ. ಆಮೇಲೂ ಎರಡು ಮೂರು ತಾಸು ಒಣಗಲು ಸಿಗಬೇಕು. ಅದಕ್ಕಾಗಿ ಸಾಮಾನು ತಂದಿಟ್ಟುಕೊಂಡು, ಕೊನೆಗಾರರಿಗೆ ಮುಂಚಿತವಾಗಿ ಹೇಳಿಟ್ಟಿರಿ. ಆಶ್ಲೇಷ, ಮಘೆಯಲ್ಲೂ ಮಳೆ ಬಿಡದಿದ್ದರೆ ಮೂರನೆಯ ಸಲ ಬೇಕಾಗುತ್ತದೆ.

ದೋಟಿಯಲ್ಲಿ (ಉದ್ದ ಕೋಲಿನಲ್ಲಿ) ನೆಲದಿಂದ ಹೊಡೆಸುವುದಾದರೆ ಕೊನೆಯ ಮೇಲ್ಮೈ ತಪ್ಪಿಹೋಗುತ್ತದೆ. ಎರಡೂ ಬದಿಗೆ ನಿಂತು, ನಾಜಲ್ ಕೊನೆಗಿಂತ ಮೇಲೆ ಹೋಗುವಂತೆ ತಿರುಗಿಸಬೇಕು. ರೋಗ ಶುರುವಾಗುವುದು ಕಾಯಿಯ ತೊಟ್ಟಿನ ಹತ್ತಿರ ಕಡುಹಸಿರಾದ, ನೀರು ಕುಡಿದಂಥ ಮಚ್ಚೆಯಿಂದ. ನೀವು ನೋಡಬೇಕಾದ ಜಾಗವೂ ಅದೇ.

ಹೋದ ವರ್ಷದ ಒಣಗಿದ ಕೊನೆಗಳು ಮರದಲ್ಲೇ ಉಳಿದಿದ್ದರೆ ಈಗಲೇ ಇಳಿಸಿ ಸುಡಿ, ರೋಗ ಅದರಲ್ಲಿ ಉಳಿದಿರುತ್ತದೆ. ಮಳೆಗಾಲದಲ್ಲಿ ಉದುರಿದ ಕೊಳೆಕಾಯಿಯನ್ನೂ ಹೆಕ್ಕಿ ತೋಟದಾಚೆ ಹಾಕಬೇಕು. ಬಸಿಗಾಲುವೆಯ ಹೂಳು ಮೇ ತಿಂಗಳಲ್ಲೇ ತೆಗೆಸಿ. ಕೊಳೆ ಹತ್ತಿಯೇಬಿಟ್ಟರೆ ಹಾಳಾದ ಕೊನೆ ತೆಗೆದು, ಉಳಿದವಕ್ಕೆ ಮೆಟಲಾಕ್ಸಿಲ್–ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕವನ್ನು ಲೀಟರಿಗೆ 2 ಗ್ರಾಂನಂತೆ ಹೊಡೆಸಬಹುದು. ಮನೆ ಹತ್ತಿರದ ಹತ್ತಿಪ್ಪತ್ತು ಮರಗಳಿಗಾದರೆ ಮಳೆಗೆ ಮುಂಚೆ ಕೊನೆಗೆ ಕೊಟ್ಟೆ (ಮಳೆನೀರು ತಾಗದಂಥ ಹೊದಿಕೆ) ಕಟ್ಟಿಸುವುದೂ ಒಳ್ಳೆಯದೇ. ಹಿಂದೆ ಕರಡದ (ಒಣಹುಲ್ಲಿನ) ಕೊಟ್ಟೆ ಇತ್ತು, ಈಗ ಪ್ಲಾಸ್ಟಿಕ್. ಎರಡೆಕರೆಗೆಲ್ಲ ಕಟ್ಟಿಸಲು ಆಳು ಸಾಲುವುದಿಲ್ಲ.

ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿಗೂ ಇದೇ 1 ಶೇಕಡಾ ಮಿಶ್ರಣ ನಡೆಯುತ್ತದೆ, ಎಲೆಯ ಅಡಿಬದಿಗೂ ತಾಗಲಿ. ಡ್ರಮ್ಮು ತೊಳೆದ ನೀರನ್ನು ಮಾತ್ರ ಹಳ್ಳಕ್ಕೆ ಬಿಡಬೇಡಿ, ತಾಮ್ರಕ್ಕೆ ಮೀನು ಸಾಯುತ್ತವೆ.