ಕೆ.ಜಿ. ರಸ್ತೆಯ ಹಳೆಯ ಚಿತ್ರಮಂದಿರಗಳು ಮುಚ್ಚಿದ್ದರಿಂದ ಬೆಂಗಳೂರಿಗೆ ನಿಜವಾಗಿ ಏನು ನಷ್ಟವಾಯಿತು?

ಎರಡು ವರ್ಷಗಳ ಹಿಂದೆ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದೀರೆಂದು ಹೇಳಿ ನೀವು ಕೇಳಿರುವ ಪ್ರಶ್ನೆ ನೇರವಾಗಿದೆ: ಮನೆಯಲ್ಲೇ ಒಳ್ಳೆಯ ಪರದೆಯಿದ್ದು, ಬೇಕೆಂದಾಗ ಬೇಕಾದ ಸಿನಿಮಾ ಸಿಗುವ ಈ ಕಾಲದಲ್ಲಿ ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳು ಒಂದೊಂದಾಗಿ ಮುಚ್ಚಿದ್ದಕ್ಕೆ ಹಿರಿಯರು ಇಷ್ಟು ಕೊರಗುವುದೇಕೆ, ಕಳೆದುಹೋದ ವಯಸ್ಸಿನ ಮೇಲಿನ ಮೋಹವನ್ನು ಬಿಟ್ಟರೆ ನಗರಕ್ಕೆ ಆದ ನಷ್ಟವೇನು? ಹಾಗೆ ಕೊರಗುವವರಲ್ಲಿ ನಾನೂ ಒಬ್ಬನಾದ್ದರಿಂದ ಉತ್ತರ ಬರೆಯುತ್ತಿದ್ದೇನೆ. ಮೋಹವಿದೆ, ಅದನ್ನು ಮುಚ್ಚಿಡುವುದಿಲ್ಲ. ನಷ್ಟವೂ ಇದೆ, ಮತ್ತು ಅದು ಸಿನಿಮಾಕ್ಕಿಂತ ಹೆಚ್ಚಾಗಿ ಊರಿಗೆ ಆದದ್ದು ಎಂದು ನಾನು ನಂಬಿದ್ದೇನೆ.

ನಾನು 1988ರಲ್ಲಿ ಅರಸೀಕೆರೆಯ ಕಡೆಯಿಂದ ಬಂದು ಕಾಟನ್‌ಪೇಟೆಯ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದೆ. ಶ್ರೀರಾಂಪುರದಲ್ಲಿ ಮೂವರು ಸೇರಿ ಒಂದು ಕೋಣೆ ಹಿಡಿದಿದ್ದೆವು. ಭಾನುವಾರದ ಹಗಲನ್ನೆಲ್ಲ ಆ ಕೋಣೆಯಲ್ಲಿ ಕಳೆಯುವುದು ಸಾಧ್ಯವಿರಲಿಲ್ಲ, ಹೋಗಿ ಕುಳಿತುಕೊಳ್ಳಲು ಬಂಧುಗಳ ಮನೆಯೂ ಇರಲಿಲ್ಲ. ಹಾಗಾಗಿ ಊಟ ಮುಗಿಸಿ ಮೆಜೆಸ್ಟಿಕ್ಕಿನ ಕಡೆಗೆ ನಡೆದುಬಿಡುತ್ತಿದ್ದೆ. ಸಾಗರ್, ತ್ರಿಭುವನ್, ನರ್ತಕಿ, ಸಂತೋಷ್, ಮೇನಕಾ, ಅಭಿನಯ, ಅನುಪಮಾ ಎಂದು ಒಂದು ಚಿತ್ರಮಂದಿರದಲ್ಲಿ ಟಿಕೆಟ್ ಸಿಗದಿದ್ದರೆ ಇನ್ನೊಂದಕ್ಕೆ ನಡೆದೇ ಹೋಗಬಹುದಾದಷ್ಟು ಹತ್ತಿರದಲ್ಲಿ ಅವು ಇದ್ದವು. ಗಾಂಧಿನಗರದ ಕಪಾಲಿಯೊಂದರಲ್ಲೇ 1,400ಕ್ಕೂ ಹೆಚ್ಚು ಆಸನಗಳಿದ್ದವು. ಎರಡು ಮೂರು ರೂಪಾಯಿ ಕೊಟ್ಟರೆ ಪರದೆಯ ಹತ್ತಿರದ ಸಾಲುಗಳಲ್ಲಿ, ಜನ ಗಾಂಧಿ ಕ್ಲಾಸ್ ಎಂದು ಕರೆಯುತ್ತಿದ್ದ ಜಾಗದಲ್ಲಿ, ಮೂರು ಗಂಟೆ ಕೂರಬಹುದಿತ್ತು. ಯಾರೂ ಎಬ್ಬಿಸುತ್ತಿರಲಿಲ್ಲ, ಯಾವ ಊರು, ಯಾರ ಪೈಕಿ ಎಂದು ವಿಚಾರಿಸುತ್ತಿರಲಿಲ್ಲ. ಊರಿಗೆ ಹೊಸಬನಾದವನಿಗೆ ಇದು ಎಷ್ಟು ದೊಡ್ಡ ಆಸರೆಯೆಂಬುದು ನಿಮಗೂ ಗೊತ್ತಿರಬಹುದು.

ಅಲ್ಲಿ ನನಗೆ ಪರಿಚಯವಾದ ಒಬ್ಬರ ವಿಷಯವನ್ನು ಹೇಳಬೇಕು. ಅಕ್ಕಿಪೇಟೆಯ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ ಹಿರಿಯರು, ಆಗಲೇ ಐವತ್ತು ದಾಟಿದ್ದಿರಬೇಕು. ಒಂದು ಭಾನುವಾರದ ಮ್ಯಾಟಿನಿಯಲ್ಲಿ ಪಕ್ಕದಲ್ಲಿ ಕುಳಿತಿದ್ದವರು, ಪರದೆಯ ಮೇಲೆ ಟೈಟಲ್ ಶುರುವಾದ ಕೂಡಲೇ ನನ್ನ ಕಡೆ ಬಾಗಿ, "ತಮ್ಮಾ, ಹೆಸರು ಬರ್ತಾವಲ್ಲ, ಸ್ವಲ್ಪ ಓದ್ತೀಯಾ?" ಎಂದು ಕೇಳಿದರು. ವಾರವೆಲ್ಲ ಅಕ್ಷರಗಳನ್ನೇ ನೋಡಿ ಕಣ್ಣು ದಣಿದಿದ್ದ ನಾನು ಕ್ಯಾಮೆರಾದಿಂದ ಹಿಡಿದು ಸಂಕಲನ, ಸಂಗೀತ, ನಿರ್ದೇಶನದವರೆಗೆ ಪ್ರತಿಯೊಂದು ಹೆಸರನ್ನೂ ಮೆಲುದನಿಯಲ್ಲಿ ಓದಿ ಹೇಳಿದೆ. ನಟನಟಿಯರ ಹೆಸರು ಅವರಿಗೆ ಬೇಕಿರಲಿಲ್ಲ, ಮುಖ ಕಂಡೊಡನೆ ಗೊತ್ತಾಗುತ್ತಿತ್ತು. ಅವರಿಗೆ ತಿಳಿಯಬೇಕಿದ್ದದ್ದು ಮುಖ ತೋರಿಸದೆ ಕೆಲಸ ಮಾಡಿದವರ ಹೆಸರು. ಹಾಡು ಯಾರು ಬರೆದರು ಎಂಬುದನ್ನಂತೂ ತಪ್ಪದೆ ಕೇಳುತ್ತಿದ್ದರು. ಕೆಲವು ತಿಂಗಳಾದ ಮೇಲೆ ನಾನು ಓದುವ ಮೊದಲೇ, "ಇದು ಉದಯಶಂಕರ್ ಅವರದೇ ಇರಬೇಕು, ನೋಡು" ಎನ್ನುವಷ್ಟು ಪಳಗಿದ್ದರು. ಎಷ್ಟೋ ಸಲ ಅವರ ಊಹೆ ಸರಿಯಾಗಿರುತ್ತಿತ್ತು. ಹೀಗೆ ಮೂರು ವರ್ಷ, ಬಿಡುವಾದ ಭಾನುವಾರಗಳಲ್ಲಿ ನಾವು ಟಿಕೆಟ್ ಕೌಂಟರಿನ ಕಬ್ಬಿಣದ ಸರಳುಗಳ ನಡುವಿನ ಕ್ಯೂನಲ್ಲೇ ಭೇಟಿಯಾಗುತ್ತಿದ್ದೆವು. ಒಬ್ಬರ ಮನೆಯನ್ನು ಇನ್ನೊಬ್ಬರು ನೋಡಿರಲಿಲ್ಲ.

1991ರ ಡಿಸೆಂಬರಿನಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ತೀರ್ಪು ಗೆಜೆಟ್‌ನಲ್ಲಿ ಪ್ರಕಟವಾದ ಬೆನ್ನಲ್ಲೇ ಬೆಂಗಳೂರಿನಲ್ಲಿ ಗಲಭೆ ಎದ್ದಿತು. ತಮಿಳರ ಮನೆ, ಅಂಗಡಿಗಳ ಮೇಲೆ ದಾಳಿಗಳಾದವು, ಜೀವಗಳು ಹೋದವು, ಕರ್ಫ್ಯೂ ಬಂದಿತು. ಪರಿಸ್ಥಿತಿ ತಿಳಿಯಾಗಿ ಆಟಗಳು ಮತ್ತೆ ಶುರುವಾದ ಮೇಲೂ ಆ ಹಿರಿಯರು ಬರಲಿಲ್ಲ. ನಾಲ್ಕು ಭಾನುವಾರ ಕಾದು, ಐದನೆಯ ವಾರ ಅಕ್ಕಿಪೇಟೆಗೆ ಹೋಗಿ ಮಂಡಿಯಲ್ಲಿ ವಿಚಾರಿಸಿದಾಗ, ಅವರು ಹೊಸೂರಿನ ಕಡೆಯ ತಂಗಿಯ ಮನೆಗೆ ಹೋಗಿದ್ದಾರೆಂದು ತಿಳಿಯಿತು. ಅವರ ಮನೆಮಾತು ತಮಿಳು ಎಂಬ ಸಂಗತಿ ನನಗೆ ಗೊತ್ತಾದದ್ದು ಆ ದಿನವೇ. ಮೂರು ವರ್ಷ ಪಕ್ಕದಲ್ಲಿ ಕುಳಿತು ಕನ್ನಡದ ಹಾಡಿನ ಸಾಲುಗಳ ಬಗ್ಗೆ ಮಾತನಾಡಿದ್ದ ನಮ್ಮ ನಡುವೆ ಆ ವಿಷಯ ಒಮ್ಮೆಯೂ ಬಂದಿರಲಿಲ್ಲ, ಬರಬೇಕಾದ ಅಗತ್ಯವೂ ಇರಲಿಲ್ಲ. ಫೆಬ್ರುವರಿಯ ಕೊನೆಯಲ್ಲಿ ಅವರು ಮರಳಿ ಬಂದರು. ಕ್ಯೂನಲ್ಲಿ ನನ್ನನ್ನು ಕಂಡು ಏನನ್ನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಳಗೆ ದೀಪ ಆರಿದ ಮೇಲೆ ಮೊಣಕೈಯಿಂದ ಮೆಲ್ಲನೆ ತಟ್ಟಿ, "ಓದು ತಮ್ಮಾ" ಎಂದರು. ಆ ದಿನ ಹೆಸರುಗಳನ್ನು ಓದುವಾಗ ನನ್ನ ಗಂಟಲು ಕಟ್ಟಿದ್ದು ಇಂದಿಗೂ ನೆನಪಿದೆ.

ನಷ್ಟ ಎಂದು ನಾನು ಹೇಳುವುದು ಇದನ್ನೇ. ದೊಡ್ಡ ಊರಿನಲ್ಲಿ ಬೇರೆ ಬೇರೆ ಮಾತಿನ, ಬೇರೆ ಬೇರೆ ದುಡಿಮೆಯ ಜನ ಒಬ್ಬರ ಪಕ್ಕ ಒಬ್ಬರು ಸಾವಕಾಶವಾಗಿ ಕೂರುವ ಜಾಗಗಳು ತೀರಾ ಕಡಿಮೆ. ಬಸ್ಸಿನಲ್ಲಿ ಕೂರುತ್ತೇವೆ, ಆದರೆ ಇಳಿಯುವ ಆತುರದಲ್ಲಿರುತ್ತೇವೆ. ಚಿತ್ರಮಂದಿರದಲ್ಲಿ ಮೂರು ಗಂಟೆ ಒಂದೇ ಕಥೆಗೆ ಒಟ್ಟಿಗೆ ನಗುತ್ತಿದ್ದೆವು, ಕರೆಂಟ್ ಹೋದರೆ ಒಟ್ಟಿಗೆ ಕೂಗುತ್ತಿದ್ದೆವು, ಇಂಟರ್‌ವಲ್‌ನಲ್ಲಿ ಸರ್ಕಾರವನ್ನೂ ಬೆಲೆಯೇರಿಕೆಯನ್ನೂ ಒಟ್ಟಿಗೆ ಬೈಯುತ್ತಿದ್ದೆವು. ಪತ್ರಿಕೆಯಲ್ಲಿ ಓದಿದ ರಾಜಕೀಯಕ್ಕಿಂತ ಆ ಕ್ಯೂನಲ್ಲಿ ಕೇಳಿದ ರಾಜಕೀಯ ನನಗೆ ಈ ಊರನ್ನು ಹೆಚ್ಚು ಅರ್ಥಮಾಡಿಸಿತು.

ಹಾಗೆಂದು ಅಲ್ಲಿ ಎಲ್ಲರಿಗೂ ಸಮಾನ ಜಾಗವಿತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ಬಾಲ್ಕನಿಯವರಿಗೆ ಮೆಟ್ಟಿಲೇ ಬೇರೆಯಿರುತ್ತಿತ್ತು. ಹೆಣ್ಣುಮಕ್ಕಳಿಗೆ ಪ್ರತ್ಯೇಕ ಕ್ಯೂ ಇದ್ದರೂ ಗಾಂಧಿ ಕ್ಲಾಸಿನಲ್ಲಿ ಒಬ್ಬರೇ ಬಂದು ನೆಮ್ಮದಿಯಿಂದ ಸಿನಿಮಾ ನೋಡುವುದು ಅವರಿಗೆ ಸಾಧ್ಯವಿರಲಿಲ್ಲ, ಸೆಕೆಂಡ್ ಶೋ ಅಂತೂ ದೂರದ ಮಾತು. ಕುರ್ಚಿಗಳಲ್ಲಿ ತಿಗಣೆ, ಶೌಚಾಲಯದ ಸ್ಥಿತಿ ವಿವರಿಸಲಾಗದಂಥದ್ದು. ನನ್ನ ಹೆಂಡತಿಗೆ ಮಲ್ಟಿಪ್ಲೆಕ್ಸ್ ಇಷ್ಟ, ಏಕೆಂದರೆ ಅಲ್ಲಿ ಅವಳು ಗೆಳತಿಯರೊಡನೆ ಯಾರ ಹಂಗೂ ಇಲ್ಲದೆ ಹೋಗಿ ಬರುತ್ತಾಳೆ. ಆ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ.

ಇನ್ನು ಈ ಚಿತ್ರಮಂದಿರಗಳು ಮುಚ್ಚಿದ್ದಕ್ಕೆ ಮೊಬೈಲ್ ಮತ್ತು ಒಟಿಟಿಯೇ ಕಾರಣ ಎಂದು ಅನೇಕರು ಹೇಳುತ್ತಾರೆ. ಅದು ಅರ್ಧ ಸತ್ಯ ಮಾತ್ರ, ಏಕೆಂದರೆ ಕುಸಿತ ಅದಕ್ಕಿಂತ ಬಹಳ ಹಿಂದೆಯೇ ಶುರುವಾಗಿತ್ತು. ರೀಲಿನ ಕಾಲದಲ್ಲಿ ಒಂದು ಸಿನಿಮಾಕ್ಕೆ ಇದ್ದ ಪ್ರಿಂಟುಗಳು ಕೆಲವೇ ಕೆಲವು. ಕೆ.ಜಿ. ರಸ್ತೆಯ ಒಂದು ಮುಖ್ಯ ಚಿತ್ರಮಂದಿರದಲ್ಲಿ ಅದು ವಾರಗಟ್ಟಲೆ ಓಡಿ, ಅನಂತರ ಬಡಾವಣೆಗಳಿಗೆ, ಆಮೇಲೆ ತಾಲ್ಲೂಕು ಕೇಂದ್ರಗಳಿಗೆ, ಕೊನೆಗೆ ಟೂರಿಂಗ್ ಟಾಕೀಸಿಗೆ ಹೋಗುತ್ತಿತ್ತು. ನಾನಂತೂ ಎಷ್ಟೋ ಸಿನಿಮಾಗಳನ್ನು ಮೊದಲು ನೋಡಿದ್ದು ಊರಿನ ಟೆಂಟಿನಲ್ಲಿ, ಪ್ರಿಂಟಿನ ಮೇಲೆ ಮಳೆ ಸುರಿದಂತೆ ಗೀರು ಬಿದ್ದ ಮೇಲೆ. 1972ರ 'ಬಂಗಾರದ ಮನುಷ್ಯ' ಇದೇ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತೆಂದರೆ ಅದರ ಜನಪ್ರಿಯತೆಯ ಜೊತೆಗೆ ಈ ವ್ಯವಸ್ಥೆಯೂ ಕಾರಣ. ಈಗ ಸಿನಿಮಾ ಡಿಜಿಟಲ್ ಕಡತವಾಗಿ ಒಂದೇ ಬೆಳಿಗ್ಗೆ ನೂರಾರು ಪರದೆಗಳನ್ನು ತಲುಪುತ್ತದೆ, ಶುಕ್ರ, ಶನಿ, ಭಾನುವಾರಗಳಲ್ಲಿ ಬರುವಷ್ಟು ಹಣ ಬಂದುಬಿಡುತ್ತದೆ. ಸಾವಿರ ಆಸನಗಳ ಮಂದಿರಕ್ಕೆ ಆ ಮೂರು ದಿನ ಜನ ಸೇರಿದರೂ ಸೋಮವಾರದಿಂದ ಅದೇ ಮಂದಿರದಲ್ಲಿ ನಲವತ್ತು ಜನಕ್ಕಾಗಿ ದೀಪ ಉರಿಸಬೇಕು. ಮಲ್ಟಿಪ್ಲೆಕ್ಸಿನವರು ಬೇಡಿಕೆ ನೋಡಿ ದೊಡ್ಡ ಪರದೆಯಿಂದ ಚಿಕ್ಕ ಪರದೆಗೆ ಸಿನಿಮಾವನ್ನು ಬದಲಿಸಬಲ್ಲರು, ಒಂದೇ ಪರದೆಯವನಿಗೆ ಆ ದಾರಿಯಿಲ್ಲ. ಇದರ ಜೊತೆಗೆ ನಮ್ಮಲ್ಲಿ ಬಹುಕಾಲ ನಡೆದುಬಂದದ್ದು ಬಾಡಿಗೆ ಪದ್ಧತಿ: ಜನ ಬರಲಿ ಬಿಡಲಿ, ನಿರ್ಮಾಪಕರು ವಾರದ ಬಾಡಿಗೆ ಕಟ್ಟಬೇಕು. ಗಳಿಕೆಯಲ್ಲಿ ಶೇಕಡಾವಾರು ಪಾಲು ಹಂಚಿಕೊಳ್ಳೋಣ ಎಂಬ ನಿರ್ಮಾಪಕರ ಬೇಡಿಕೆ ಹಳೆಯದು. ಬಾಡಿಗೆ ತೆರಲಾಗದ ಚಿಕ್ಕ ಸಿನಿಮಾಗಳು ದೂರವಾದಂತೆ ಮಂದಿರಗಳಿಗೆ ವಾರ ತುಂಬಿಸುವ ಸಿನಿಮಾಗಳೂ ಕಡಿಮೆಯಾದವು. ಕೊನೆಗೆ ಉಳಿದದ್ದು ನೆಲದ ಬೆಲೆ. ಊರಿನ ನಟ್ಟನಡುವೆ ಅಷ್ಟು ದೊಡ್ಡ ನಿವೇಶನವನ್ನು ಇಟ್ಟುಕೊಂಡು ದಿನಕ್ಕೆ ನಾಲ್ಕು ಆಟ ನಡೆಸುವ ಮಾಲೀಕನ ಮಕ್ಕಳು ಬೇರೆ ಲೆಕ್ಕ ಹಾಕಿದರೆ ಅವರನ್ನು ದೂರುವುದು ನ್ಯಾಯವಲ್ಲ.

1968ರಲ್ಲಿ ಆರಂಭವಾದ ಕಪಾಲಿಯನ್ನು 2017ರಲ್ಲಿ ಕೆಡವಿದರು, ಈಗ ಅಲ್ಲಿ ಮಾಲ್ ನಿಂತಿದೆ. ಸಾಗರ್ ಇದ್ದಲ್ಲಿ ಬಟ್ಟೆ ಮಳಿಗೆಯಿದೆ. ಮೆಜೆಸ್ಟಿಕ್ ಎಂಬ ಚಿತ್ರಮಂದಿರವೂ ಇಲ್ಲ, ಆದರೆ ಬಸ್ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಿಟ್ಟು ಇಷ್ಟು ಕಾಲವಾದರೂ ಕಂಡಕ್ಟರ್ ಕೂಗುವುದು ಮೆಜೆಸ್ಟಿಕ್ ಎಂದೇ. ಮಿನರ್ವ ವೃತ್ತ, ಜಯನಗರದ ನಂದಾ ಥಿಯೇಟರ್ ರಸ್ತೆ ಕೂಡ ಹಾಗೆಯೇ. ಕಟ್ಟಡ ನೆಲಸಮವಾದ ಮೇಲೂ ಜನ ಅದರ ಹೆಸರು ಹಿಡಿದೇ ದಾರಿ ಹೇಳುತ್ತಾರೆ. ನೀವೂ ಅದೇ ಹೆಸರುಗಳನ್ನು ಹೇಳಿಯೇ ಆಟೋ ಹತ್ತಿರುತ್ತೀರಿ.

ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ಹಾಕಿದರೆ ಎಲ್ಲ ಸರಿಹೋಗುವುದಿಲ್ಲವೇ ಎಂದೂ ನೀವು ಕೇಳಿದ್ದೀರಿ. ಸರ್ಕಾರ 2017ರಲ್ಲಿ ಒಮ್ಮೆ ಆ ಪ್ರಯತ್ನ ಮಾಡಿತು, ಉಳಿಯಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಮತ್ತೆ ನಿಯಮ ತಂದಿತು, 75 ಅಥವಾ ಅದಕ್ಕಿಂತ ಕಡಿಮೆ ಆಸನಗಳ ಐಷಾರಾಮಿ ಪರದೆಗಳಿಗೆ ಅದರಲ್ಲಿ ವಿನಾಯಿತಿಯಿತ್ತು. ಕೆಲವೇ ದಿನಗಳಲ್ಲಿ ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಮಿತಿ ಇರಬೇಕೆಂಬುದೇ ನನ್ನ ನಿಲುವು. ನಾಲ್ಕು ಜನರ ಸಂಸಾರ ಒಂದು ಸಿನಿಮಾ ನೋಡಲು ತಿಂಗಳ ಖರ್ಚಿನ ಲೆಕ್ಕ ತೆಗೆಯಬೇಕಾಗಿ ಬರಬಾರದು. ಆದರೆ ಉಳಿದಿರುವ ಏಕಪರದೆ ಮಂದಿರಗಳಲ್ಲಿ ಸಾಮಾನ್ಯ ದಿನಗಳ ದರ ಹೇಗೂ ಅದಕ್ಕಿಂತ ಕಡಿಮೆಯೇ ಇದೆ, ಅವುಗಳ ಕಷ್ಟವನ್ನು ಈ ನಿಯಮ ಮುಟ್ಟುವುದಿಲ್ಲ. ಅವುಗಳಿಗೆ ಬೇಕಾದದ್ದು ಪಾಲಿನ ಪದ್ಧತಿ, ತೆರಿಗೆಯಲ್ಲಿ ರಿಯಾಯಿತಿ ಮತ್ತು ದೊಡ್ಡ ಮಂದಿರವನ್ನು ಎರಡು ಮೂರು ಚಿಕ್ಕ ಪರದೆಗಳಾಗಿ ಮಾರ್ಪಡಿಸಲು ಸುಲಭದ ಅನುಮತಿ. ಶೌಚಾಲಯಗಳನ್ನು ಚೊಕ್ಕಟವಾಗಿಡುವುದು ಮಾತ್ರ ಮಾಲೀಕರ ಕೈಯಲ್ಲೇ ಇದೆ, ಅದಕ್ಕೆ ಯಾವ ಸರ್ಕಾರದ ಆದೇಶವೂ ಬೇಕಿಲ್ಲ.

ಆ ಹಿರಿಯರು 1996ರ ಹೊತ್ತಿಗೆ ಬರುವುದನ್ನು ನಿಲ್ಲಿಸಿದರು. ಮೊಣಕಾಲು ಬಿದ್ದುಹೋಗಿ, ಮೂಟೆಯ ಕೆಲಸ ಬಿಟ್ಟು ತಂಗಿಯ ಊರಿಗೇ ಹೋದರೆಂದು ಮಂಡಿಯವರು ಹೇಳಿದರು.

ನೀವು ಒಮ್ಮೆ ಹೋಗಿ ನೋಡುವ ಮನಸ್ಸು ಮಾಡುವುದಾದರೆ ಶುಕ್ರವಾರದ ಮೊದಲ ಆಟ ಬೇಡ. ಅದು ಅಭಿಮಾನಿಗಳ ಹಬ್ಬ, ಹಾಲಿನ ಅಭಿಷೇಕ ಮತ್ತು ಪಟಾಕಿಯ ನಡುವೆ ಒಂದು ಮಾತೂ ಕಿವಿಗೆ ಬೀಳುವುದಿಲ್ಲ. ಸೋಮವಾರವೂ ಬೇಡ, ಖಾಲಿ ಕುರ್ಚಿಗಳನ್ನು ನೋಡಿ ಬೇಸರವಾಗುತ್ತದೆ. ಕೆ.ಜಿ. ರಸ್ತೆಯಲ್ಲಿ ಇನ್ನೂ ನಡೆಯುತ್ತಿರುವ ಯಾವುದಾದರೊಂದು ಮಂದಿರಕ್ಕೆ ಶನಿವಾರ ಸಂಜೆಯ ಫಸ್ಟ್ ಶೋಗೆ ಹೋಗಿ. ಫೋನಿನಲ್ಲಿ ಮೊದಲೇ ಕಾದಿರಿಸದೆ ಕೌಂಟರಿನಲ್ಲೇ ನಿಂತು ಟಿಕೆಟ್ ತೆಗೆದುಕೊಳ್ಳಿ, ಬಾಲ್ಕನಿಯ ಬದಲು ಕೆಳಗೆ ಕುಳಿತುಕೊಳ್ಳಿ. ಹತ್ತು ನಿಮಿಷ ಮುಂಚೆ ಹೋದರೆ ಟೈಟಲ್ ತಪ್ಪುವುದಿಲ್ಲ.