1930ರ ದಶಕದ ಮಹಾ ಆರ್ಥಿಕ ಕುಸಿತದಿಂದ ಇಂದಿನ ಹಣಕಾಸು ಬಿಕ್ಕಟ್ಟುಗಳ ಬಗ್ಗೆ ಏನು ಕಲಿಯಬಹುದು?

ನನ್ನ ಪ್ರಕಾರ ದೊಡ್ಡ ಪಾಠ ಷೇರುಪೇಟೆಯದ್ದಲ್ಲ, ಬ್ಯಾಂಕುಗಳದ್ದು. 1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿಯಿತು, ನಿಜ. ಆದರೆ ಜನರ ಬದುಕು ನುಚ್ಚುನೂರಾದದ್ದು ಆಮೇಲೆ, 1930ರಿಂದ 1933ರ ನಡುವೆ ಸುಮಾರು 9,000 ಬ್ಯಾಂಕುಗಳು ಮುಳುಗಿದಾಗ. ಬ್ಯಾಂಕಿನ ಹಣದಲ್ಲಿ ಹೆಚ್ಚಿನದು ಸಾಲಕ್ಕೆ ಹೋಗಿರುತ್ತದೆ, ಕೈಯಲ್ಲಿರುವುದು ಸ್ವಲ್ಪವೇ. ಎಲ್ಲರೂ ಒಂದೇ ದಿನ ಬಾಗಿಲಲ್ಲಿ ಸಾಲುಗಟ್ಟಿದರೆ ಗಟ್ಟಿ ಬ್ಯಾಂಕೂ ಉಳಿಯುವುದಿಲ್ಲ, ಅಲ್ವಾ? ಆಗ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಬಹುಪಾಲು ಸುಮ್ನೆ ಕೂತಿತು.

ಆ ಕುಸಿತವನ್ನೇ ಆಳವಾಗಿ ಅಧ್ಯಯನ ಮಾಡಿದ್ದ ಬೆನ್ ಬರ್ನಾಂಕಿ 2008ರ ಹಣಕಾಸು ಬಿಕ್ಕಟ್ಟಿನ ಹೊತ್ತಿಗೆ ಅದೇ ಸಂಸ್ಥೆಯ ಮುಖ್ಯಸ್ಥರಾಗಿದ್ದರು. ಬ್ಯಾಂಕುಗಳಿಗೆ ಧಾರಾಳವಾಗಿ ಹಣ ಒದಗಿಸಿದರು. 1933ರಲ್ಲಿ ನಿರುದ್ಯೋಗ ಸುಮಾರು 25% ಇತ್ತು, ಈ ಸಲ 10%ಕ್ಕೆ ನಿಂತಿತು.

ಆದರೆ ಗಾಬರಿಯ ವೇಗ ಈಗ ತುಂಬಾ ಜಾಸ್ತಿ. 2023ರಲ್ಲಿ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ ಒಂದೇ ದಿನದಲ್ಲಿ 4,200 ಕೋಟಿ ಡಾಲರ್ ತೆಗೆಯಲು ಗ್ರಾಹಕರು ಮುಗಿಬಿದ್ದರು.